ಹೊಗೆಕೋಣೆಯ ಹೊರಗೆ ನಿಂತವರು

"ಬಾಗಿಲು ಹಾಕಿ," ಎಂದಳು ಭೂತಗನ್ನಡಿ, ಹೊಗೆಕೋಣೆಯ ಒಳಗಿನಿಂದ.

"ಹೊಗೆ ಇಲ್ಲದಿದ್ರೂ ಕತ್ತಲೆ ಇದೆ ಮೇಡಂ. ಬಿದ್ದುಗಿದ್ದೀರಿ," ಎಂದ ಅಗ್ನಿಶಾಮಕ ಪಡೆಯ ಕ್ಯಾಪ್ಟನ್.

"ಬಿದ್ದರೆ ಎತ್ತೋಕೆ ನೀವಿದ್ದೀರಲ್ಲ. ಹಾಕಿ."

ಬಾಗಿಲು ಮುಚ್ಚಿತು. ಹೊರಗೆ ಬೆಳಗಿನ ಹತ್ತು ಗಂಟೆಯ ಬಿಸಿಲಿದ್ದರೂ ಒಳಗೆ ತನ್ನ ಕೈ ತನಗೇ ಕಾಣದಷ್ಟು ಕತ್ತಲು. ಹೊಗೆಯಲ್ಲಿ ದಾರಿ ಹುಡುಕುವುದನ್ನು ಪಡೆಯವರಿಗೆ ಕಲಿಸಲು ಕಟ್ಟಿದ ಕೋಣೆ; ಹಲಗೆಯ ಗೋಡೆಗಳ ನಡುವೆ ಸೊಟ್ಟಪಟ್ಟ ಓಣಿ. ಅವಳು ನಾಲ್ಕು ಹೆಜ್ಜೆ ನಡೆದಳು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದಳು. ಅಷ್ಟಕ್ಕೇ ದಿಕ್ಕು ತಪ್ಪಿತು. ಬಾಗಿಲು ಬೆನ್ನ ಹಿಂದಿದೆಯೋ ಎದುರಿಗಿದೆಯೋ ತಿಳಿಯಲಿಲ್ಲ. ಮಸಿಯ ವಾಸನೆ ಗಂಟಲಿಗೆ ಅಂಟಿಕೊಂಡಿತು.

ಬೆರಳ ಗೆಣ್ಣಿನಿಂದ ಹಲಗೆ ತಟ್ಟಿದಳು. ಹೊರಗಿನಿಂದ ಉತ್ತರ ಬಂತು. ಟಕ್, ಟಕ್.

ಆ ಸದ್ದನ್ನೇ ಹಿಡಿದು ಹೊರಟಳು. ಮೊಣಕೈ ತರಚಿತು. ಕೈಗೆ ಬಾಗಿಲು ಸಿಕ್ಕಿತು, ತಳ್ಳಿದಳು, ಬೆಳಕು ಕಣ್ಣಿಗೆ ಹೊಡೆಯಿತು.

"ಇದೇ ನಮ್ಮ ಪದ್ಧತಿ ಮೇಡಂ," ಎಂದ ಕ್ಯಾಪ್ಟನ್. "ಒಳಗೊಬ್ರು, ಹೊರಗೊಬ್ರು. ಒಳಗಿನವರು ತಟ್ಟಿದರೆ ಹೊರಗಿನವರು ಬಾಗಿಲ ಪಕ್ಕ ನಿಂತು ತಿರುಗಿ ತಟ್ಟಬೇಕು. ತಟ್ಟಲಿಲ್ಲ ಅಂದ್ರೆ, ಹೊಗೆ ತುಂಬಿದಾಗ ಬಾಗಿಲು ಎಲ್ಲಿದೆ ಅಂತ ದೇವರಿಗೂ ಗೊತ್ತಾಗಲ್ಲ."

"ಹಾಗಾದ್ರೆ ನಿಮ್ಮ ದೊಡ್ಡಪ್ಪನಿಗೆ ಹೊರಗಿನಿಂದ ತಟ್ಟಬೇಕಾಗಿದ್ದೋರು ಯಾರು?"

ಕ್ಯಾಪ್ಟನ್ ನೆಲ ನೋಡಿದ.

ದೊಡ್ಡಪ್ಪ ಎಂದರೆ ತುರ್ತು ಸೇವಾ ಕಚೇರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದುಕ. ಪಡೆಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಾಲ್ಕು ದಿನದ ಹಿಂದೆ ಅವರು ಮಾಸ್ಕ್ ತೊಟ್ಟು, ಹೊಗೆ ತುಂಬಿದ ಈ ಕೋಣೆಗೆ ನಡೆದು ಹೋದರು. ಹೊರಗೆ ಬಂದದ್ದು ನಾಲ್ವರ ಕೈಮೇಲೆ. ಹೃದಯ ನಿಂತಿದೆ ಎಂದು ವೈದ್ಯರು ಬರೆದುಕೊಟ್ಟರು. ಆ ಹೊತ್ತಿಗೆ ಬಾಗಿಲ ಹೊರಗೆ ನಿಂತಿದ್ದವನು ನಾನು ಎಂದು ಒಬ್ಬರೂ ಬಾಯಿ ಬಿಡಲಿಲ್ಲ.

ಮರುದಿನ ಭೂತಗನ್ನಡಿ ಬಂದಿಳಿದಳು. ಅವಳು ಪೊಲೀಸಳಲ್ಲ. ವಿಪತ್ತು ಎದುರಿಸಲೆಂದು ಸರಕಾರ ಊರೂರಿಗೆ ಕೊಡುವ ಅನುದಾನದಲ್ಲಿ ಕೊಂಡ ವಸ್ತುಗಳು ನಿಜಕ್ಕೂ ಇವೆಯೇ, ಕೆಲಸ ಮಾಡುತ್ತವೆಯೇ ಎಂದು ಮುಟ್ಟಿ ನೋಡುವ ಅಧಿಕಾರಿ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಬೆನ್ನ ಹಿಂದೆ ಸಹೋದ್ಯೋಗಿಗಳು ಇಟ್ಟ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಸರವಾಗಿರಲಿಲ್ಲ, ಹುಟ್ಟಿದಾಗ ಇಟ್ಟ ಹೆಸರಿಗಿಂತ ಇದೇ ತನಗೆ ಒಪ್ಪುತ್ತದೆ ಎಂದು ಗಂಡನ ಹತ್ತಿರ ನಕ್ಕಿದ್ದಳು.

"ಆವತ್ತು ನೀವೆಲ್ಲಿದ್ರಿ?"

"ಇಡೀ ಪಡೆ ಶಾಲೆಯಲ್ಲಿತ್ತು ಮೇಡಂ. ಮಕ್ಕಳಿಗೆ ಬೆಂಕಿ ಆರಿಸೋದು ತೋರಿಸ್ತಿದ್ವಿ. ಮುನ್ನೂರು ಮಕ್ಕಳು ಸಾಕ್ಷಿ."

"ಸೆಟ್ಟುಗಳನ್ನ ಹೊರಗೆ ತನ್ನಿ. ನಲವತ್ತನ್ನೂ."

ಅಂಗಳದಲ್ಲಿ ನಲವತ್ತು ಉಸಿರಾಟದ ಸೆಟ್ಟುಗಳು ಸಾಲಾಗಿ ಮಲಗಿದವು. ಹಳದಿ ಸಿಲಿಂಡರ್, ಕಪ್ಪು ಪಟ್ಟಿ, ಗಾಜಿನ ಮಾಸ್ಕ್. ಅನುದಾನದ ಪಟ್ಟಿಯಲ್ಲೂ ನಲವತ್ತು, ನೆಲದ ಮೇಲೂ ನಲವತ್ತು. ಬೇರೆ ಯಾರಾದರೂ ಆಗಿದ್ದರೆ ಸಹಿ ಹಾಕಿ ಕಾಫಿ ಕುಡಿಯಲು ಹೋಗುತ್ತಿದ್ದರು.

ಅವಳು ಒಂದೊಂದನ್ನೇ ಎತ್ತಿ ನೋಡುತ್ತ ಹೋದಳು. ಏಳನೆಯದನ್ನು ಎತ್ತಿದಾಗ ಕೈ ನಿಂತಿತು. ಕೊಂಚ ಹೆಚ್ಚು ಭಾರ. ಸಿಲಿಂಡರಿನ ಕತ್ತಿನ ಬಳಿ ಬಣ್ಣ ದಪ್ಪವಾಗಿತ್ತು, ಅಲ್ಲಿ ಮಾತ್ರ. ತನ್ನ ಮನೆಯ ಬೀಗದ ಕೈ ತೆಗೆದು ಕೆರೆದಳು. ಹಳದಿ ಉದುರಿತು, ಕೆಳಗಿನ ಬಿಳಿ ಲೇಪ ಉದುರಿತು, ಅದರ ಕೆಳಗೆ ಲೋಹದಲ್ಲಿ ಒತ್ತಿದ ಅಂಕಿಗಳು ಕಂಡವು. ತಯಾರಾದ ವರ್ಷ.

"ಓದಿ."

ಕ್ಯಾಪ್ಟನ್ ಬಗ್ಗಿ ಓದಿದ. ಮತ್ತೊಮ್ಮೆ ಓದಿದ. ಅವನ ಮುಖದ ಬಣ್ಣ ಇಳಿಯಿತು. "ಹತ್ತೊಂಬತ್ತು ವರ್ಷದ ಹಳೇದು. ಇದರ ಆಯಸ್ಸೇ ಹದಿನೈದು ಮೇಡಂ. ಇದನ್ನ ಹೋದ ವರ್ಷ ಹೊಸದಾಗಿ ಕೊಂಡ್ವಿ ಅಂದ್ರು!"

ಮಧ್ಯಾಹ್ನದ ಹೊತ್ತಿಗೆ ನಲವತ್ತರ ಕತ್ತೂ ಕೆರೆದು ಮುಗಿಯಿತು. ಹೊಸವು ನಾಲ್ಕೇ ನಾಲ್ಕು. ಉಳಿದ ಮೂವತ್ತಾರು ಎಲ್ಲಿಯೋ ಬಿಸಾಡಿದ್ದ ಹಳೆಯ ಮಾಲು, ಮೈಗೆ ಬಣ್ಣ ಬಳಿದುಕೊಂಡು ಮದುವೆಗೆ ಹೊರಟ ಹಾಗಿತ್ತು. ಗಾಳಿ ಅಳೆಯುವ ಮುಳ್ಳು ಎಲ್ಲವುಗಳಲ್ಲೂ ಪೂರ್ತಿ ತೋರಿಸುತ್ತಿತ್ತು. ಒಂದನ್ನು ತೆರೆದುಬಿಟ್ಟಾಗ, ಬರಬೇಕಾದ ಅರ್ಧ ಹೊತ್ತಿಗೇ ಗಾಳಿ ನಿಂತುಹೋಯಿತು.

ಕ್ಯಾಪ್ಟನ್ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ.

"ಕರೆ ಬಂದಾಗೆಲ್ಲ ದೊಡ್ಡಪ್ಪ ತಾನೇ ಕೈಯಾರೆ ಸೆಟ್ಟು ಕೊಡ್ತಿದ್ರು ಮೇಡಂ. ನಾವು ಬೇರೇದಕ್ಕೆ ಕೈ ಹಾಕಿದ್ರೆ ಕೈಮೇಲೆ ಹೊಡೆಯೋರು. 'ಅದಲ್ಲವೋ, ಇದು ತಗೋ' ಅಂತ. ಮುದುಕರ ಹಠ ಅಂತ ನಗ್ತಿದ್ವಿ."

"ಸಾಮಾನ್ಯವಾಗಿ ಒಳಗೆ ಹೋಗೋದು ಎಷ್ಟು ಜನ?"

"ನಾಲ್ಕು." ಅವನು ತಲೆ ಎತ್ತಿದ. "ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಮಾತ್ರ ಆರು ಜನ ಹೋದ್ವಿ. ಒಂದೂವರೆ ತಿಂಗಳಾಯ್ತು. ಐದನೆಯವನು ಬಾಗಿಲ ಹತ್ತಿರಾನೇ ಇದ್ದ, ಕೆಮ್ಮುತ್ತಾ ಹೊರಗೆ ಬಂದ. ಆರನೆಯವನು ಒಳಗೆ ಬಿದ್ದ. ಇವತ್ತಿಗೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ."

"ಅವನಿಗೆ ಸೆಟ್ಟು ಕೊಟ್ಟಿದ್ದೂ ದೊಡ್ಡಪ್ಪನೇ?"

"ಅವರೇ. ಕೊಡುವಾಗ ಅವರ ಕೈ ನಡುಗ್ತಿತ್ತು. ವಯಸ್ಸಾಯ್ತು ಅಂದ್ಕೊಂಡೆ." ಕ್ಯಾಪ್ಟನ್ ಹತ್ತಿರದ ಮಾಸ್ಕೊಂದನ್ನು ಎತ್ತಿ ಮೊಣಕಾಲ ಮೇಲಿಟ್ಟುಕೊಂಡ. "ಆರನೆಯವನು ಅವರ ಸ್ವಂತ ಅಳಿಯ ಮೇಡಂ. ಒಬ್ಬಳೇ ಮಗಳ ಗಂಡ."

ಭೂತಗನ್ನಡಿ ಹೊಸ ನಾಲ್ಕು ಸೆಟ್ಟುಗಳನ್ನು ಎತ್ತಿ ಬೇರೆಯಾಗಿ ಇಟ್ಟಳು. ಒಳ್ಳೆಯವು ನಾಲ್ಕೇ ಎಂದು ಗೊತ್ತಿದ್ದ ಮನುಷ್ಯ, ಆ ನಾಲ್ಕನ್ನು ಪರರ ಮಕ್ಕಳಿಗೆ ಕೊಟ್ಟು, ಹಳೆಯದನ್ನು ಮನೆಯವನ ಹೆಗಲಿಗೇರಿಸಿದ್ದ.

ಮಗಳು ಅಲ್ಲೇ ಮಹಡಿಯ ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದಳು. ತುರ್ತು ಕರೆ ತೆಗೆದುಕೊಳ್ಳುವ ಕೆಲಸ. ಅಪ್ಪನನ್ನು ಮಣ್ಣು ಮಾಡಿದ ಮರುದಿನವೇ ಬಂದು ಕುರ್ಚಿಯಲ್ಲಿ ಕುಳಿತಿದ್ದಳು. ಗಾಜಿನ ಕಿಟಕಿಯಾಚೆ ಕೆಳಗೆ ಹೊಗೆಕೋಣೆಯ ಬಾಗಿಲು ನೇರವಾಗಿ ಕಾಣುತ್ತಿತ್ತು.

"ಇಷ್ಟು ಬೇಗ ಕೆಲಸಕ್ಕೆ ಬಂದ್ಯಾ ತಾಯಿ?"

"ಮನೇಲಿ ಕೂತು ಏನು ಮಾಡ್ಲಿ ಮೇಡಂ? ಒಂದು ಹಾಸಿಗೆ ಆಸ್ಪತ್ರೆಯಲ್ಲಿದೆ, ಇನ್ನೊಂದು ಖಾಲಿ." ಅವಳು ಕಿವಿಯ ಹೆಡ್‌ಫೋನ್ ಸರಿಸಿದಳು. ಕಣ್ಣು ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಸೆಟ್ಟುಗಳ ವಿಷಯ ಅಪ್ಪ ನಿನಗೆ ಹೇಳಿದ್ರಾ?"

"ಮನೆಗೆ ಬಂದ್ರೆ ಬಾಯಿಗೆ ಬೀಗ. ಊಟದ ತಟ್ಟೆ ಮುಂದೆ ಕೂತು ಗಡಿಯಾರ ನೋಡ್ತಾ ಉಸಿರು ಬಿಗಿಹಿಡಿಯೋರು. ಎಷ್ಟು ಹೊತ್ತು ತಡಿಯತ್ತೆ ಅಂತ ಲೆಕ್ಕ ಹಾಕೋರು. ಯಾಕಪ್ಪಾ ಅಂದ್ರೆ, ಸುಮ್ನೆ ಅನ್ನೋರು."

"ನಿನ್ನ ಗಂಡನಿಗೆ ಹಳೇ ಸೆಟ್ಟು ಕೊಟ್ಟದ್ದು..."

"ಯಾರಿಗೆ ಯಾವುದು ಕೊಟ್ರೋ ಅವರಿಗೇ ಗೊತ್ತು." ಅವಳು ತಟ್ಟನೆ ತಿರುಗಿದಳು. ಯಂತ್ರದ ಮೇಲೆ ಕೆಂಪು ದೀಪ ಹತ್ತಿತ್ತು. "ತುರ್ತು ಸೇವೆ, ಹೇಳಿ... ಅಮ್ಮಾ, ಮೊದಲು ಮಗೂನ ಹೊರಗೆ ಕರ್ಕೊಳ್ಳಿ. ಆಮೇಲೆ ಅಳುವಿರಂತೆ."

ಭೂತಗನ್ನಡಿ ಸದ್ದಿಲ್ಲದೆ ಕೆಳಗಿಳಿದಳು.

ಹೊಗೆಕೋಣೆಯ ಹೊರಗೋಡೆಯ ಮೇಲೆ ಒಂದು ಬಿಳಿ ಹಲಗೆ ಇತ್ತು, ಪಕ್ಕದಲ್ಲಿ ಗೋಡೆಯ ಫೋನು. ಒಳಗೆ ಹೋದವರ ಸಮಯವನ್ನೂ ಸಿಲಿಂಡರಿನಲ್ಲಿದ್ದ ಗಾಳಿಯನ್ನೂ ಹೊರಗೆ ನಿಂತವರು ಅದರ ಮೇಲೆ ಬರೆಯಬೇಕು. ಹಲಗೆ ಖಾಲಿಯಾಗಿತ್ತು, ತೀರಾ ಖಾಲಿ. ಮಸಿ ಹಿಡಿದ ಗೋಡೆಯ ಮೇಲೆ ಅದೊಂದೇ ಫಳಫಳ ಹೊಳೆಯುತ್ತಿತ್ತು.

ಅವಳು ಟಾರ್ಚ್ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿದಳು. ಅಳಿಸಿದ ಪೆನ್ನಿನ ಗೀಟು ನೆರಳಿನಂತೆ ಎದ್ದಿತು. 10-40. ಗಾಳಿ 270. ಆ ಏಳರ ನಡುವೆ ಒಂದು ಅಡ್ಡಗೆರೆ.

ಅಂಥದೇ ಏಳನ್ನು ಅವಳು ಮೂರು ದಿನದಿಂದ ಕಡತಗಳಲ್ಲಿ ನೋಡುತ್ತಲೇ ಇದ್ದಳು.

*

ಕಚೇರಿಯ ನಿರ್ದೇಶಕರು ರಕ್ತದೊತ್ತಡದ ಮಾತ್ರೆ ನುಂಗಿ ನೀರಿನ ಲೋಟ ಕೆಳಗಿಡುತ್ತಿದ್ದರು. ನಿವೃತ್ತಿಗೆ ಒಂದು ವರ್ಷ. ಒಣಗಿದ ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಅಂಗಿ. ಬೆನ್ನ ಹಿಂದೆ ಗೋಡೆ ತುಂಬ ಊರಿನ ನಕ್ಷೆ. ಹೊಳೆ ಉಕ್ಕಿದರೆ ಮುಳುಗುವ ಬೀದಿಗಳಿಗೆ ಕೆಂಪು ಬಣ್ಣ.

"ಬನ್ನಿ ಮೇಡಂ. ಪರಿಶೀಲನೆ ಮುಗೀತಾ?"

"ಒಂದು ಸಣ್ಣ ಅನುಮಾನ ಸರ್. ನಿಮ್ಮ ಏಳಕ್ಕೆ ಸೊಂಟಪಟ್ಟಿ ಯಾಕೆ?"

ಅವರು ನಕ್ಕರು. "ಚಿಕ್ಕಂದಿನ ಅಭ್ಯಾಸ. ಇಲ್ಲದಿದ್ರೆ ಒಂದು ಅಂತ ಓದ್ಬಿಡ್ತಾರೆ ಅಂತ ನಮ್ಮ ಮೇಷ್ಟ್ರು ಕಲಿಸಿದ್ದು."

"ಹೊಗೆಕೋಣೆಯ ಹಲಗೆ ಒರೆಸುವಾಗ ಮೇಷ್ಟ್ರು ನೆನಪಾಗಲಿಲ್ವಾ?"

ನಗು ಮುಖದ ಮೇಲೆಯೇ ಉಳಿಯಿತು, ಅದರ ಹಿಂದಿದ್ದ ಮನುಷ್ಯ ಮಾತ್ರ ಎದ್ದು ಹೋದಂತಾಯಿತು. ಅವರು ಎದ್ದು ಬಾಗಿಲು ಹಾಕಿದರು. ಮತ್ತೆ ಬಂದು ಕುಳಿತಾಗ ಹತ್ತು ವರ್ಷ ಹೆಚ್ಚು ವಯಸ್ಸಾಗಿತ್ತು.

"ಸೆಟ್ಟುಗಳನ್ನೂ ನೋಡಿದ್ರಿ ಅನ್ಸತ್ತೆ."

"ಮೂವತ್ತಾರು ಹಳೇದು. ಎಲ್ಲವೂ ಹೊಸದು, ಎಲ್ಲವನ್ನೂ ಪರೀಕ್ಷಿಸಿ ಪಡೆದಿದ್ದೇವೆ ಅಂತ ಬಳಕೆ ಪ್ರಮಾಣಪತ್ರಕ್ಕೆ ನೀವು ಸಹಿ ಹಾಕಿದೀರಿ."

"ಪೆಟ್ಟಿಗೆ ಬಿಚ್ಚೋಕೆ ಮುಂಚೆ ಹಾಕಿದೆ." ಅವರು ನಕ್ಷೆಯತ್ತ ಕೈ ತೋರಿಸಿದರು. "ಆ ಕೆಂಪು ನೋಡಿ ಮೇಡಂ. ಮೂರು ವರ್ಷದ ಹಿಂದೆ ದೋಣಿಗೆ ಅನುದಾನ ಬಂದಿತ್ತು. ನಾನು ಕಾಯಿದೆ ಪ್ರಕಾರ ಹೋದೆ. ಮೂರು ಸಲ ಟೆಂಡರ್ ಕರೆದೆ. ಗಡುವು ದಾಟ್ತು, ಹಣ ವಾಪಸ್ ಹೋಯ್ತು. ಎರಡೇ ತಿಂಗಳಿಗೆ ಹೊಳೆ ಬಂತು. ಹದಿನಾಲ್ಕು ಹೆಣ ನಾನೇ ಎಣಿಸಿದೆ. ಈ ಸಲವೂ ಕೊನೇ ದಿನ ಸಂಜೆ ಐದಕ್ಕೆ ಲಾರಿ ಬಂತು. ಆರಕ್ಕೆ ಪತ್ರ ಹೋಗಬೇಕಿತ್ತು. ನೀವಾಗಿದ್ರೆ ಏನು ಮಾಡ್ತಿದ್ರಿ?"

"ಮರುದಿನ ಬಿಚ್ಚಿ ನೋಡಿದಾಗಲಾದ್ರೂ ಬಾಯಿ ಬಿಡ್ತಿದ್ದೆ."

"ಬಿಟ್ಟಿದ್ರೆ? ತನಿಖೆ. ಮುಗಿಯೋವರೆಗೂ ಒಂದು ಬಿಡಿಗಾಸು ಬರಲ್ಲ. ದೋಣಿ ಇಲ್ಲ, ಸೈರನ್ ಇಲ್ಲ, ತಡೆಗೋಡೆ ಇಲ್ಲ. ಮುಂದಿನ ವರ್ಷದ ಅನುದಾನದಲ್ಲಿ ಸದ್ದಿಲ್ಲದೆ ಬದಲಾಯಿಸೋಣ, ಅಲ್ಲಿವರೆಗೆ ನಾಲ್ಕರಲ್ಲೇ ನಿಭಾಯಿಸಿ ಅಂತ ನಮ್ಮ ದೊಡ್ಡಪ್ಪನ ಕೈ ಹಿಡ್ಕೊಂಡೆ. ಪಾಪ, ಒಪ್ಪಿದ್ರು."

"ಅಳಿಯ ಬೀಳೋವರೆಗೂ."

"ಹೌದು." ಅವರು ಮಾತ್ರೆಯ ಡಬ್ಬಿಯ ಮುಚ್ಚಳ ಹಾಕಿದರು. "ಆಮೇಲೆ ನನ್ನ ಜೊತೆ ಮಾತೇ ಬಿಟ್ರು. ಆವತ್ತು ಬೆಳಿಗ್ಗೆ ತಾವಾಗಿಯೇ ಬಂದು, 'ನಾನೇ ಹಳೇ ಸೆಟ್ಟು ಹಾಕ್ಕೊಂಡು ಒಳಗೆ ಹೋಗ್ತೀನಿ. ಎಷ್ಟು ನಿಮಿಷ ತಡಿಯತ್ತೆ ಅಂತ ನೀವು ಹೊರಗೆ ನಿಂತು ನೋಡಿ. ನೋಡಿದ ಮೇಲೂ ಸುಮ್ನಿರೋಕೆ ಆಗತ್ತಾ ಅಂತ ನೋಡೋಣ' ಅಂದ್ರು. ಬೇಡ ಅಂದೆ. ಆದ್ರೆ ಆ ಮುಖ ನೋಡಿ ಕೋಣೆಯ ಬೀಗ ತೆಗೆದು ಹೊಗೆ ಹಾಕಿಬಿಟ್ಟೆ."

"ಹೊರಗೆ ನಿಂತ್ರಿ. ತಟ್ಟಿದ್ರಿ. ಆಮೇಲೆ?"

"ಆರು ನಿಮಿಷ ತಟ್ಟಿದೆ. ಗೋಡೆ ಫೋನು ಬಡ್ಕೊಳ್ತು. ಗ್ಯಾಸ್ ಟ್ಯಾಂಕರ್ ಉರುಳಿದೆ, ಸೈರನ್ ಹಾಕೋಕೆ ನನ್ನ ಸಹಿ ಬೇಕು ಅಂದ್ರು. ಬೀದಿ ಬೀದಿಯೇ ಹೋಗ್ಬಿಡತ್ತೆ ಅಂತ ಓಡಿದೆ. ಎರಡೇ ನಿಮಿಷ ಅಂದ್ಕೊಂಡೆ. ಕೈ ಕೆಳಗಿನವರನ್ನೆಲ್ಲ ಕೇಳಿ, ಹೆದ್ದಾರಿ ಠಾಣೆಗೆ ಫೋನ್ ಮಾಡಿ, ಟ್ಯಾಂಕರೂ ಇಲ್ಲ ಏನೂ ಇಲ್ಲ ಅಂತ ತಿಳಿದು ವಾಪಸ್ ಬರೋ ಹೊತ್ತಿಗೆ ಹನ್ನೆರಡು ನಿಮಿಷ. ಒಳಗೆ ಸದ್ದೇ ಇರಲಿಲ್ಲ."

ಭೂತಗನ್ನಡಿ ಮುಂದೆ ಬಾಗಿದಳು. "ಫೋನ್ ಮಾಡಿದ್ದು ಯಾರು?"

ನಿರ್ದೇಶಕರು ನೀರಿನ ಲೋಟ ಪಕ್ಕಕ್ಕೆ ಸರಿಸಿದರು.

"ದನಿ ಗುರುತು ಸಿಗಲಿಲ್ಲ ಅಂತ ಹೇಳ್ಬೇಡಿ ಸರ್. ಇದು ನಿಮ್ಮದೇ ಕಚೇರಿ."

"ಅದೊಂದನ್ನ ಮಾತ್ರ ಕೇಳ್ಬೇಡಿ." ಅವರು ಎರಡೂ ಕೈ ಮೇಜಿನ ಮೇಲೆ ಚಾಚಿದರು, ಬೇಡಿ ತೊಡಿಸಿ ಎನ್ನುವಂತೆ. "ನಾನೇ ಬಿಟ್ಟು ಹೋದೆ. ನಾನೇ ಕೊಂದೆ ಅಂತ ಬರ್ಕೊಳ್ಳಿ. ಸಹಿ ಹಾಕಿಕೊಡ್ತೀನಿ."

"ನಿಮಗೆ ಓದದೆ ಸಹಿ ಹಾಕೋ ಚಟ ಬಿಟ್ಟಿಲ್ಲ ಸರ್," ಎಂದು ಅವಳು ಎದ್ದಳು. "ಕಂಟ್ರೋಲ್ ರೂಮಿನಲ್ಲಿ ಪ್ರತಿಯೊಂದು ಕರೆಯನ್ನೂ ರೆಕಾರ್ಡ್ ಮಾಡೋ ಯಂತ್ರ ಇದೆ. ಅದೂ ಅನುದಾನದ್ದೇ. ಅದು ಕೆಲಸ ಮಾಡತ್ತಾ ಇಲ್ವಾ ಅಂತ ನೋಡೋದೂ ನನ್ನ ಪಟ್ಟಿಯಲ್ಲಿದೆ."

"ಮೇಡಂ, ಬೇಡ!" ನಿರ್ದೇಶಕರು ಕುರ್ಚಿ ಉರುಳಿಸಿಕೊಂಡು ಎದ್ದರು. "ಅವಳು ಇನ್ನೂ ಹುಡುಗಿ. ಗಂಡ ಹಾಗೆ ಬಿದ್ದಿದಾನೆ..."

ಆಡಿಬಿಟ್ಟ ಮಾತನ್ನು ಹಿಂದಕ್ಕೆ ನುಂಗಲು ಅವರಿಂದಾಗಲಿಲ್ಲ.

*

ಕಂಟ್ರೋಲ್ ರೂಮಿನಲ್ಲಿ ಮಗಳೊಬ್ಬಳೇ ಇದ್ದಳು. ಭೂತಗನ್ನಡಿ ಏನೂ ಹೇಳದೆ ಮೂಲೆಯ ಯಂತ್ರದ ಮುಂದೆ ಕುಳಿತಳು. ನಾಲ್ಕು ದಿನದ ಹಿಂದಿನ ತಾರೀಕು ಹುಡುಕಿದಳು. ಹತ್ತು ನಲವತ್ತಾರು. ಒಳಗಿನ ಕರೆ. ಹೆಡ್‌ಫೋನ್ ಕಿವಿಗೇರಿಸಿ ಗುಂಡಿ ಒತ್ತಿದಳು.

"ಸರ್, ಹೆದ್ದಾರಿ ತಿರುವಿನಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿದೆಯಂತೆ. ಸೈರನ್ ಹಾಕೋಕೆ ನಿಮ್ಮ ಸಹಿ ಬೇಕು. ಕೂಡಲೇ ಬನ್ನಿ."

"ಇಲ್ಲಿ ನಿಮ್ಮಪ್ಪ ಒಳಗಿದಾರಮ್ಮ..."

"ಗೊತ್ತು ಸರ್. ಬೇಗ ಬನ್ನಿ."

ನಡುಗದ ದನಿ. ಅದರ ಹಿಂದೆ, ಕೇಳಿಯೂ ಕೇಳದಂತೆ, ಹಲಗೆ ತಟ್ಟುವ ಸದ್ದು.

ಭೂತಗನ್ನಡಿ ಹೆಡ್‌ಫೋನ್ ತೆಗೆದು ತಿರುಗಿದಳು. ಮಗಳು ತನ್ನ ಕುರ್ಚಿಯಿಂದ ಎದ್ದು ನಿಂತಿದ್ದಳು.

"ಜೋರಾಗಿ ಹಾಕಿ ಮೇಡಂ. ನಾನು ನಾಲ್ಕು ದಿನದಿಂದ ಕೇಳ್ತಾನೇ ಇದೀನಿ."

"ಗಂಡನ ಸೇಡು ಅಪ್ಪನ ಮೇಲೆ ತೀರಿಸಿಕೊಂಡ್ಯಾ?"

"ಅಪ್ಪನ ಮೇಲಾ?" ಅವಳು ಮೊದಲ ಸಲ ಅತ್ತಳು, ಸದ್ದಿಲ್ಲದೆ, ಮುಖ ಒರೆಸಿಕೊಳ್ಳದೆ. "ಹಳೇ ಸೆಟ್ಟು ಅಂತ ಗೊತ್ತಿದ್ದೇ ಹಾಕ್ಕೊಂಡು ಹೋದೋರು ನನ್ನ ಗಂಡ. ಮಾವನ ಕೈ ನಡುಗೋದು ನೋಡಿ, 'ಕೊಡಿ ಮಾವ, ನಂಗೇ ಇರಲಿ' ಅಂದ್ರಂತೆ. ಅಪ್ಪನೇ ಹೇಳಿದ್ರು. ಅಂಥೋರ ಮೇಲೆ ನಾನು ಸೇಡು ತೀರಿಸ್ಕೊಳ್ತೀನಾ?"

"ಮತ್ತೆ ಈ ಫೋನು?"

"ಅದನ್ನೂ ಅಪ್ಪನೇ ಮಾಡಿಸಿದ್ದು! ಕೋಣೆ ಬೀಗ ತೆಗೆಸೋಕೆ ಮಾತ್ರ ಸಾಹೇಬರು ಬೇಕಿತ್ತು. ಸರಿಯಾಗಿ ಹತ್ತು ನಲವತ್ತಾರಕ್ಕೆ ಏನಾದ್ರೂ ಸುಳ್ಳು ಹೇಳಿ ಸಾಹೇಬರನ್ನ ಅಲ್ಲಿಂದ ಕರಿ ಅಂದ್ರು. ಅವರ ಜಾಗಕ್ಕೆ ಇನ್ನೊಬ್ರು ಬಂದು ನಿಲ್ತಾರೆ, ತಟ್ತಾರೆ, ಮಾಸ್ಕ್ ಸೋಲೋದನ್ನ ಕಣ್ಣಾರೆ ನೋಡಿ ಬರ್ಕೊಂಡು ಹೋಗ್ತಾರೆ. ಸಾಹೇಬರಿದ್ರೆ ಕಾಲು ಹಿಡಿದಾದ್ರೂ ಮುಚ್ಚಿಸ್ತಾರೆ, ಅದಕ್ಕೇ ಅಂದ್ರು. ಅಪ್ಪ ಎರಡು ವಾರದಿಂದ ಆ ಅಧಿಕಾರಿಗೆ ಕಾಗದ ಬರೀತಿದ್ರು."

"ಯಾವ ಅಧಿಕಾರಿ?"

ಮಗಳು ಗಾಜಿನ ಕಿಟಕಿಯತ್ತ ನೋಡಿದಳು. "ಬಂದಿದ್ರು ಮೇಡಂ. ಸಾಹೇಬರು ಮೆಟ್ಟಿಲು ಹತ್ತಿದ ಕೂಡಲೇ ಬಂದ್ರು. ಇಲ್ಲಿಂದ ನೋಡ್ದೆ, ಬೆನ್ನು ಮಾತ್ರ ಕಾಣ್ತಿತ್ತು. ಸದ್ಯ ಬಂದ್ರಲ್ಲ ಅಂತ ನಾನು ಉಸಿರು ಬಿಟ್ಟೆ. ಬಾಗಿಲ ಮುಂದೆ ನಿಂತ್ರು. ಕೈ ಎತ್ತಲೇ ಇಲ್ಲ. ಒಂದು ಸಲವೂ ತಟ್ಟಲಿಲ್ಲ. ಸುಮ್ನೆ ನಿಂತು, ಗಡಿಯಾರ ನೋಡ್ಕೊಂಡು, ಹೊರಟುಹೋದ್ರು. ನಾನು ಮೆಟ್ಟಿಲು ಇಳಿದು ಓಡೋ ಹೊತ್ತಿಗೆ..."

"ನಾಲ್ಕು ದಿನ ಯಾಕೆ ಸುಮ್ನಿದ್ದೆ? ಮೊದಲ ದಿನವೇ ನನಗೆ ಹೇಳಬಹುದಿತ್ತಲ್ಲ!"

"ನಿಮಗಾ?" ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. "ನಿಮ್ಮ ಕೊರಳಲ್ಲಿರೋ ಆ ಗುರುತಿನ ಚೀಟಿ, ಹಸಿರು ಪಟ್ಟಿ. ಅವರು ಹೋಗುವಾಗ ತಿರುಗಿದ್ರು. ಮುಖಕ್ಕೆ ಬಿಸಿಲು ಹೊಡೀತಿತ್ತು, ಕಾಣಲಿಲ್ಲ. ಕೊರಳಲ್ಲಿ ಇದೇ ಇತ್ತು ಮೇಡಂ. ಮೂರು ದಿನದಿಂದ ನಿಮ್ಮನ್ನ ನೋಡ್ತಾ, ಅದು ನೀವೇನಾ ಅಂತ ಯೋಚಿಸ್ತಿದೀನಿ."

ಭೂತಗನ್ನಡಿಯ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಅನುದಾನ ಮಂಜೂರು ಮಾಡುವ ಅಧಿಕಾರವಿದ್ದವರಿಗೆ ಮತ್ತು ಅದನ್ನು ಪರಿಶೀಲಿಸುವವರಿಗೆ ಮಾತ್ರ ಕೊಡುವ ಪಟ್ಟಿ ಅದು. ಇಡೀ ಇಲಾಖೆಯಲ್ಲಿ ಅದು ಮೂವರ ಕೊರಳಲ್ಲಿತ್ತು.

ಒಬ್ಬಳು ಅವಳು. ಇನ್ನೊಬ್ಬರು ಅವಳನ್ನು ಇಲ್ಲಿಗೆ ಕಳುಹಿಸಿದ ಮೇಲಧಿಕಾರಿ.

ಮೂರನೆಯವನು, ಈ ಸೆಟ್ಟುಗಳ ಅನುದಾನ ಮಂಜೂರು ಮಾಡಿದವನು, ಅವಳ ಗಂಡ.